ಬ್ಯಾಗ್ ಕಾಯೋ ಡ್ಯೂಟಿ ಬಿಟ್ಟು ನಾವಿಬ್ರೇ ವಂಡರ್‌ಲಾಗೆ ಹೋಗಿದ್ದು

ವಂಡರ್‌ಲಾಗೆ, ಅದೇ ಬಿಡದಿ ಹತ್ರ ಇರೋ ಅಮ್ಯೂಸ್‌ಮೆಂಟ್ ಪಾರ್ಕಿಗೆ, ಇದಕ್ಕೆ ಮುಂಚೆ ಮೂರು ಸಲ ಹೋಗಿದ್ದೆ, ಮೂರು ಸಲಾನೂ ಏನ್ ಮಾಡ್ದೆ ಅಂತ ಕೇಳಿದ್ರೆ ಬ್ಯಾಗ್ ಕಾದೆ ಅಷ್ಟೇ. ಎರಡ್ ಸಲ ಅಕ್ಕನ ಮಕ್ಕಳ ಜೊತೆ, ಒಂದ್ಸಲ ನಮ್ಮನೆಯವ್ರ ತಮ್ಮನ ಮಕ್ಕಳ ಜೊತೆ. ನಮಗೆ ಮದುವೆ ಆಗಿ 14 ವರ್ಷ, ಮಕ್ಕಳಿಲ್ಲ, ಹಂಗಾಗಿ ಎಲ್ಲರ ಲೆಕ್ಕದಲ್ಲೂ ನಾವು ಖಾಲಿ ಇರೋರು. "ಚಿಕ್ಕಮ್ಮ ಇದಾಳಲ್ಲ ನೋಡ್ಕೋತಾಳೆ" ಅಂತ ಎಲ್ಲಾರೂ ರೈಡಿಗೆ ಓಡೋದು, ನಾನು ಕಲ್ಲುಬೆಂಚ್ ಮೇಲೆ ಐದು ಬ್ಯಾಗು, ಒದ್ದೆ ಟವಲ್ಲು, ಎಂಟು ಜೊತೆ ಚಪ್ಪಲಿ ಮಧ್ಯ ಕೂತಿರೋದು. ಟಿಕೆಟ್ ಮಾತ್ರ ಫುಲ್ಲು.

ಈ ಸಲ ಆಷಾಢದಲ್ಲಿ ಒಂದು ಮಂಗಳವಾರ ಇಬ್ರೂ ರಜಾ ಹಾಕಿ, ಯಾರಿಗೂ ಹೇಳ್ದೆ ಹೋಗಿ ಬಂದ್ವಿ. ಹೇಳಿದ್ರೆ ಯಾರಾದ್ರೂ "ಅಯ್ಯೋ ನಮ್ ಚಿಂಟುನೂ ಕರ್ಕೊಂಡ್ ಹೋಗ್ರಿ" ಅಂತಾರೆ. ನಲವತ್ತು ದಾಟಿದ ಗಂಡ ಹೆಂಡ್ತಿ ಇಬ್ರೇ ಅಲ್ಲಿ ಹೋಗಿ ಏನ್ ಮಾಡೋದು, ಜನ ಏನಂದ್ಕೋತಾರೆ ಅಂತ ಯೋಚನೆ ಮಾಡ್ತಾ ಇರೋರಿಗೆ ಇದು ಬರೀತಿದೀನಿ. ಅಲ್ಲಿ ಯಾರೂ ಏನೂ ಅಂದ್ಕೊಳ್ಳಲ್ಲ, ಎಲ್ಲರಿಗೂ ಅವರವರ ಕ್ಯೂದೇ ಚಿಂತೆ.

ಮೊದಲು ಯಾವಾಗ ಹೋಗ್ಬೇಕು ಅನ್ನೋದು, ಯಾಕಂದ್ರೆ ಅರ್ಧ ಖುಷಿ ಅದ್ರ ಮೇಲೇ ನಿಂತಿದೆ. ಮಕ್ಕಳಿರೋರು ಏಪ್ರಿಲ್ ಮೇ ರಜ, ದಸರಾ ರಜ, ಶನಿವಾರ ಭಾನುವಾರ ಇವನ್ನೇ ನೆಚ್ಕೋಬೇಕು, ನಮಗೆ ಆ ಕರ್ಮ ಇಲ್ಲ. ವಾರದ ಮಧ್ಯ ಟಿಕೆಟ್ಟೂ ಕಮ್ಮಿ, ಜನಾನೂ ಕಮ್ಮಿ. ಆದ್ರೆ ವಾರದ ದಿನ ಅಂತ ಹೇಳಿ ಡಿಸೆಂಬರ್ ಜನವರಿಲಿ ಹೋಗ್ಬಿಟ್ರೆ ಕೆಟ್ರಿ, ಅದು ಶಾಲಾ ಪ್ರವಾಸದ ಟೈಮು, ಊರೂರಿಂದ ಬಸ್ ಬಂದು ಒಂದೇ ಕಲರ್ ಯೂನಿಫಾರ್ಮು ಕಣ್ ಹಾಯ್ಸೋವರೆಗೂ. ಜೂನ್‌ನಲ್ಲಿ ಸ್ಕೂಲ್ ಶುರುವಾದ್ಮೇಲೆ ಜುಲೈವರೆಗೂ ಚೆನ್ನಾಗಿರುತ್ತೆ, ಆಷಾಢದಲ್ಲಂತೂ ಮದುವೆ ಮುಂಜಿ ಕರೆಯೋಲೆನೂ ಇರಲ್ಲ, ಹೊಸ ಜೋಡಿಗಳೂ ಇರಲ್ಲ, ಹುಡುಗಿ ತವರುಮನೇಲಿರ್ತಾಳಲ್ಲ. ಒಂಚೂರು ಗಾಳಿ, ಹನಿ ಮಳೆ ಇರುತ್ತೆ. ಜೋರು ಮಳೆ ಗುಡುಗು ಬಂದ್ರೆ ಎತ್ತರದ ರೈಡ್ ನಿಲ್ಲಿಸ್ತಾರೆ, ಅದಕ್ಕೇ ಅಂಥವನ್ನ ಬೆಳಗ್ಗೇನೇ ಮುಗಿಸ್ಕೊಳ್ಳಿ.

ಹೋಗೋದು ಹೆಂಗೆ ಅಂದ್ರೆ, ಪಾರ್ಕು ಬೆಂಗಳೂರಿಂದ 28 ಕಿಲೋಮೀಟರ್, ಮೈಸೂರು ರೋಡಲ್ಲಿ, ಬಿಡದಿಗಿಂತ ಸ್ವಲ್ಪ ಮುಂಚೆ. 2005ರಲ್ಲಿ ಶುರುವಾಗಿದ್ದು, ಆವಾಗ ಮೈಸೂರು ರೋಡ್ ಬೇರೆ ಥರಾನೇ ಇತ್ತು. ಈಗ ಎಕ್ಸ್‌ಪ್ರೆಸ್‌ವೇ ಬಂದ್ಮೇಲೆ ಒಂದು ತಲೆನೋವು: ಮಧ್ಯದ ಮೇನ್ ರೋಡ್ ಹತ್ಕೊಂಡು ಬಿಟ್ರೆ ಬೇಕಾದಲ್ಲಿ ಇಳಿಯೋಕಾಗಲ್ಲ. ನಮ್ಮನೆಯವ್ರು ಅದನ್ನೇ ಮಾಡಿದ್ರು. ನಾನು "ರೀ ಸರ್ವಿಸ್ ರೋಡು, ಸರ್ವಿಸ್ ರೋಡು" ಅಂತಾನೇ ಇದೀನಿ, ಅವ್ರು "ಗೊತ್ತು ಕಣೇ" ಅಂದ್ಕೊಂಡು ಟೋಲೂ ಕಟ್ಟಿ ಬಿಡದಿ ಬೈಪಾಸೂ ದಾಟಿ ರಾಮನಗರದ ಕಡೆ ಹೊರಟ್ಬಿಟ್ರು. ತಿರುಗಿಸ್ಕೊಂಡು ಹಳೇ ರೋಡಲ್ಲಿ ಬಿಡದಿ ಊರೊಳಗೆ ಬಂದ್ವಿ. ಬಂದಿದ್ದಕ್ಕೆ ತಟ್ಟೆ ಇಡ್ಲಿ ಸಿಕ್ತು, ಹಂಗಾಗಿ ಜಗಳ ಅಲ್ಲಿಗೇ ಮುಗೀತು. ಬೈಕಲ್ಲಿ ಹೋಗೋರಿಗೆ ಆ ಗೊಂದಲ ಇಲ್ಲ, 2023ರ ಆಗಸ್ಟಿಂದ ಟೂ ವೀಲರ್‌ನ ಮೇನ್ ರೋಡಿಗೆ ಬಿಡೋದೇ ಇಲ್ಲ. ಗಾಡಿ ಇಲ್ಲದೋರು ನೇರಳೆ ಮೆಟ್ರೋಲಿ ಚಲ್ಲಘಟ್ಟವರೆಗೂ ಹೋಗಿ ಅಲ್ಲಿಂದ ಬಸ್ಸೋ ಆಟೋನೋ ನೋಡ್ಕೋಬಹುದು. ಅಲ್ಲಿಗೆ ಹೋಗೋದು ಸುಲಭ, ಆದ್ರೆ ಸಂಜೆ ಎಲ್ಲಾ ಒಟ್ಟಿಗೇ ಹೊರಗೆ ಬಂದಾಗ ಆಟೋ ಸಿಗೋದು ಕಷ್ಟ, ವಾಪಸ್ ಹೋಗೋದನ್ನ ಬೆಳಗ್ಗೇನೇ ಯೋಚನೆ ಮಾಡಿಟ್ಕೊಳ್ಳಿ.

ಇಡ್ಲಿ ಮಾತ್ರ ಎರಡೇ ತಿನ್ನಿ. ಬೆಣ್ಣೆ ಹಾಕ್ಕೊಂಡು ನಾಲ್ಕು ತಿಂದು ರೋಲರ್ ಕೋಸ್ಟರ್ ಹತ್ತಿದ್ರೆ ಮುಂದಿನದ್ದು ನಾನು ಹೇಳ್ಬೇಕಿಲ್ಲ.

ಈಗ ಮುಖ್ಯವಾದ್ದು. ಇಬ್ರೇ ಹೋದಾಗ ಬ್ಯಾಗ್ ಯಾರ್ ಕಾಯ್ತಾರೆ? ಗೇಟ್ ದಾಟಿದ ತಕ್ಷಣ ಇಬ್ರೂ ಮುಖ ಮುಖ ನೋಡ್ಕೊಂಡ್ವಿ, ಹತ್ತು ವರ್ಷದ ಅಭ್ಯಾಸ, ನನ್ ಕಣ್ಣು ತಾನಾಗೇ ಬೆಂಚ್ ಹುಡುಕ್ತಾ ಇತ್ತು. ಲಾಕರ್ ತಗೊಳ್ಳಿ, ಜಿಪುಣತನ ಬೇಡ. ಫೋನು, ಪರ್ಸು, ಗಾಡಿ ಕೀ, ಓಲೆ, ಮಾಂಗಲ್ಯ ಸರ ಎಲ್ಲಾ ಅದರೊಳಗೆ, ಸರ ಮನೇಲೇ ಬಿಟ್ಟು ಬಂದ್ರೆ ಇನ್ನೂ ಒಳ್ಳೇದು. ಹಗುರವಾದ ಒಂದು ಕೈಚೀಲ ಮಾತ್ರ ಹೊರಗಿಟ್ಕೊಂಡ್ವಿ, ಅದ್ರಲ್ಲಿ ನೀರು, ಒಂದು ಟವಲ್, ಕನ್ನಡಕದ ಡಬ್ಬಿ.

ಕನ್ನಡಕ ಅಂದ್ರೆ ನೆನಪಾಯ್ತು. ನಮ್ಮನೆಯವ್ರಿಗೆ ಮೈನಸ್ ಐದು ಪವರ್ರು. ರಿಕಾಯಿಲ್ ಅಂತ ಒಂದು ರೋಲರ್ ಕೋಸ್ಟರ್ ಇದೆ, ಹಿಂದಕ್ಕೆ ಎಳ್ಕೊಂಡು ಹೋಗಿ ಮೇಲಿಂದ ಬಿಡ್ತಾರೆ, ತಲೆಕೆಳಗಾಗಿ ಸುತ್ತಿ ಆ ಕಡೆ ಹತ್ತುತ್ತೆ, ಉಸಿರು ಬಿಡೋದ್ರೊಳಗೆ ಅದೇ ದಾರೀಲಿ ಹಿಮ್ಮುಖವಾಗಿ ವಾಪಸ್. ಕನ್ನಡಕ ತೆಗೆದಿಟ್ಟು ಹತ್ತಿದಾರೆ, ಏನೂ ಕಾಣಲ್ಲ. ಹಿಂದಕ್ಕೆ ಎಳೀತಾ ಮೇಲೆ ಮೇಲೆ ಹೋಗ್ತಾ ಇರೋವಾಗ "ಎಷ್ಟ್ ಎತ್ತರ ಬಂದಿದೀವೇ?" ಅಂತ ಕೇಳಿದ್ರು, ನಾನು "ಜಾಸ್ತಿ ಇಲ್ಲ ರೀ, ನಮ್ಮನೆ ಟೆರೇಸಷ್ಟೇ" ಅಂದೆ. ಕೆಳಗಿಳಿದ ಮೇಲೆ ಐದ್ ನಿಮಿಷ ಮಾತಾಡ್ಲಿಲ್ಲ. ಆಮೇಲೆ "ಇನ್ನೊಂದ್ಸಲ ಹೋಗೋಣ್ವಾ" ಅಂದ್ರು. ಹೋದ್ವಿ, ಒಟ್ಟು ಮೂರ್ ಸಲ. ಮಕ್ಕಳ ಜೊತೆ ಬಂದಿದ್ರೆ ಒಂದ್ಸಲಾನೂ ಆಗ್ತಿರ್ಲಿಲ್ಲ, ಒಂದು ಮಗೂಗೆ ಹತ್ತೋಕೆ ಎತ್ತರ ಸಾಲಲ್ಲ, ಇನ್ನೊಂದಕ್ಕೆ ಹಸಿವು, ಮತ್ತೊಂದಕ್ಕೆ ಆಗ್ಲೇ ನೀರಿಗೆ ಹೋಗ್ಬೇಕು.

ಜೋರು ರೈಡಿಗೆಲ್ಲಾ 140 ಸೆಂಟಿಮೀಟರ್ ಎತ್ತರ ಇರ್ಬೇಕು ಅಂತ ರೂಲ್ಸು. ಕ್ಯೂ ಶುರುವಲ್ಲಿ ಒಬ್ಬ ಹುಡ್ಗ ಅಳತೆಗೆ ಬೆನ್ನು ಕೊಟ್ಟು ಕತ್ತು ಉದ್ದ ಮಾಡ್ಕೊಂಡು ಹಿಮ್ಮಡಿ ಎತ್ತಿ ನಿಂತಿದ್ದ, ಆದ್ರೂ ಎರಡ್ ಬೆರಳು ಕಮ್ಮಿ. ಅವರಮ್ಮ ನಮ್ಮನ್ನ ನೋಡಿ, "ಮಕ್ಕಳು ಎಲ್ಲಿ?" ಅಂದ್ರು. ಇಲ್ಲ, ಇಬ್ರೇ ಬಂದಿದೀವಿ ಅಂದೆ. "ಓ, ಹಂಗಾದ್ರೆ ಸ್ವಲ್ಪ ಇವನ್ನ ನೋಡ್ಕೋತೀರಾ, ನಾವು ಹೋಗಿ ಬಂದ್ಬಿಡ್ತೀವಿ." ನೋಡಿ, ಪರಿಚಯ ಇಲ್ಲದೋರೂ ಅದೇ ಡ್ಯೂಟಿ ಕೊಡ್ತಾರೆ! ಮುಂಚಿನ ನಾನಾಗಿದ್ರೆ ಹೂಂ ಅಂದ್ಬಿಡ್ತಿದ್ದೆ. "ಇಲ್ಲಾ ಕಣ್ರೀ, ನಾವೂ ಹತ್ತೋಕೇ ಬಂದಿರೋದು" ಅಂದೆ, ಅಂದ್ಮೇಲೆ ಒಂಚೂರು ಪಾಪ ಅನ್ನಿಸ್ತು, ಆದ್ರೆ ಕ್ಯೂ ಬಿಡ್ಲಿಲ್ಲ. ಅವರ ಯಜಮಾನ್ರು ಹುಡುಗನ್ನ ಹಿಡ್ಕೊಂಡು ನಿಂತ್ರು, ಆ ಹೆಂಗಸು ನಮ್ಮ ಹಿಂದಿನ ಸೀಟಲ್ಲಿ ಕೂತು ನಮಗಿಂತ ಜೋರಾಗಿ ಕಿರುಚಿದ್ರು.

ಅಂದಹಾಗೆ ಲೆಗೋಲ್ಯಾಂಡ್ ಡಿಸ್ಕವರಿ ಸೆಂಟರ್ ಅಂತ ಲೆಗೋ ಆಟಿಕೆಯವ್ರ ಹೆಸರಿನ ಮಕ್ಕಳ ಆಟದ ಜಾಗ ಬೇರೆ ದೇಶಗಳಲ್ಲಿದೆ, ಅಲ್ಲಿ ಸಾಮಾನ್ಯ ದಿನಗಳಲ್ಲಿ ಮಗು ಜೊತೆಗಿಲ್ಲ ಅಂದ್ರೆ ದೊಡ್ಡೋರನ್ನ ಒಳಗೇ ಬಿಡಲ್ಲ, ದೊಡ್ಡೋರಿಗೆ ಅಂತಾನೇ ಬೇರೆ ಸಂಜೆ ಇಟ್ಟಿರ್ತಾರೆ. ಇಲ್ಲಿ ಅಂಥಾ ರಗಳೆ ಇಲ್ಲ, ಮಕ್ಕಳ ಟಿಕೆಟ್ ಲೆಕ್ಕಾನೂ ಎತ್ತರದ್ದೇ.

ನಲವತ್ತು ದಾಟಿದೋರು ಒಂದು ನೆನಪಿಟ್ಕೊಳ್ಳಿ. ಬಿಪಿ, ಹಾರ್ಟು, ಬೆನ್ನು ಕತ್ತಿನ ತೊಂದರೆ ಇದ್ರೆ ರೈಡ್ ಮುಂದೆ ಹಾಕಿರೋ ಬೋರ್ಡು ಓದಿ, ಶೋಕಿಗೆ ಹಾಕಿರಲ್ಲ ಅದನ್ನ. ನನಗೆ ಕಂಪ್ಯೂಟರ್ ಮುಂದೆ ಕೂತು ಕತ್ತು ನೋವಿದೆ, ಆದ್ರೂ ಜಂಬಕ್ಕೆ ರಿಕಾಯಿಲ್ ಮೂರ್ ಸಲ ಹತ್ತಿದ್ದು ತಪ್ಪು, ಒಂದಕ್ಕೇ ನಿಲ್ಲಿಸ್ಬೇಕಿತ್ತು, ಎರಡ್ ದಿನ ಬಿಸಿನೀರಿನ ಬ್ಯಾಗ್ ಇಟ್ಕೊಂಡೆ. ಫ್ಲ್ಯಾಶ್ ಟವರ್ ಅಂತ ಜೋರಾಗಿ ಮೇಲೆ ಕೆಳಗೆ ಮಾಡೋ ಟವರ್ ರೈಡಿದೆ, ಅದ್ರ ಕಡೆ ಹೋಗ್ಲೇ ಇಲ್ಲ. ಸ್ಕೈ ವೀಲ್ ಮಾತ್ರ ಬಿಡ್ಬೇಡಿ, ಟವರ್ ತುದೀಲಿ ಕೂರಿಸಿರೋ ಜೈಂಟ್ ವೀಲು, ಲಿಫ್ಟಲ್ಲಿ ಮೇಲೆ ಹೋಗಿ ಹತ್ತೋದು. ನಿಧಾನ, ಕತ್ತಿಗೂ ಏನೂ ಆಗಲ್ಲ, ಸುತ್ತ ಹಸಿರು, ಮೈಸೂರು ರೋಡಲ್ಲಿ ಲಾರಿಗಳು ಇರುವೆ ಥರ. ಕ್ಯೂ ಕಮ್ಮಿ ಮಾಡೋ ಫಾಸ್ಟ್ ಟ್ರ್ಯಾಕ್ ಟಿಕೆಟ್ ತಗೋಬೇಕಾ ಅಂತ ಕೇಳಿದ್ರೆ, ವಾರದ ಮಧ್ಯ ಬೇಕಾಗಿಲ್ಲ, ಭಾನುವಾರ ಹೋಗೋ ಗತಿ ಬಂದ್ರೆ ತಗೊಳ್ಳಿ.

ಮಧ್ಯಾಹ್ನ ಹಗುರವಾಗಿ ಮೊಸರನ್ನ ಏನಾದ್ರೂ ತಿಂದು ನೀರಿನ ಕಡೆ ಹೋಗಿ. ಇಲ್ಲಿ ನಾನು ಪೆದ್ದಿ ಆದೆ. ಕಾಟನ್ ಹಾಕ್ಕೊಂಡು ಪೂಲಿಗೆ ಇಳಿಯೋ ಹಾಗಿಲ್ಲ, ನೈಲಾನ್ ಇಲ್ಲ ಪಾಲಿಯೆಸ್ಟರ್ ಇರ್ಬೇಕು. ಮೂರು ಸಲ ಹೋಗಿದ್ರೂ ನನಗೆ ಗೊತ್ತಿರ್ಲಿಲ್ಲ, ನೀರಿಗೆ ಇಳಿದಿದ್ರೆ ತಾನೇ ಗೊತ್ತಾಗೋದು! ಸ್ನೇಹಿತೆ ಕೊಟ್ಟಿದ್ದ ಒಳ್ಳೇ ಕಾಟನ್ ಟೀಶರ್ಟ್ ವಾಪಸ್ ಬ್ಯಾಗಿಗೆ ಹೋಯ್ತು, ಅಲ್ಲೇ ಅಂಗಡೀಲಿ ಒಂದು ಡ್ರೆಸ್ ತಗೊಂಡೆ. ನೀವು ಮನೆಯಿಂದಾನೇ ಉದ್ದ ತೋಳಿಂದು, ಮಂಡಿ ಕೆಳಗೆ ಬರೋಂಥದ್ದು ತಗೊಂಡೋಗಿ, ಸಂಕೋಚಾನೂ ಇರಲ್ಲ, ಬಿಸ್ಲಿಗೆ ಕಪ್ಪಾಗೋದೂ ಕಮ್ಮಿ.

ವೇವ್ ಪೂಲಲ್ಲಿ ಅಲೆ ಶುರುವಾದಾಗ ಎಲ್ಲಾರೂ ಹೋ ಅಂತಾರಲ್ಲ, ನಾನೂ ಹೋ ಅಂದೆ. ಲೇಜಿ ರಿವರ್‌ನಲ್ಲಿ ಟ್ಯೂಬ್ ಮೇಲೆ ಒರಗಿ ಸುಮ್ನೆ ತೇಲಿದ್ವಿ, ಟ್ಯೂಬ್ ಬಿಟ್ಟು ಹೋಗ್ಬಾರ್ದು ಅಂತ ನಾನು ಅವರ ಕಾಲಿನ ಹೆಬ್ಬೆರಳು ಹಿಡ್ಕೊಂಡಿದ್ದೆ. ಆಫೀಸು, ಇಎಂಐ, ಅತ್ತೆ ಮಂಡಿ ನೋವು, ಯಾವ ಮಾತೂ ಬರ್ಲಿಲ್ಲ. ಹಿಂಗೆ ಸುಮ್ನೆ ಇದ್ದು ಎಷ್ಟ್ ದಿನ ಆಗಿತ್ತೋ. ರೈನ್ ಡಿಸ್ಕೋ ಅಂತ ಕತ್ತಲೆ ಹಾಲ್, ಮೇಲಿಂದ ಬೆಚ್ಚಗಿನ ಮಳೆ, ಬಣ್ಣದ ಲೈಟು, ಜೋರು ಹಾಡು, ಅಲ್ಲಿ ಯಾರಿಗೂ ಯಾರ ಮುಖಾನೂ ಸರಿಯಾಗಿ ಕಾಣಲ್ಲ. ಮದುವೆ ಮೆರವಣಿಗೇಲೂ ಕೈ ಎತ್ತದ ಮನುಷ್ಯ ಅಲ್ಲಿ ಕುಣಿದ್ರು, ಫೋನ್ ಲಾಕರ್‌ನಲ್ಲಿತ್ತು, ಸಾಕ್ಷಿ ಇಲ್ಲ.

ನೀರಿಂದು ಡ್ರೈ ರೈಡ್‌ಗಿಂತ ಮುಂಚೆ ಮುಚ್ಚುತ್ತೆ, ಬಟ್ಟೆ ಬದಲಾಯಿಸೋ ಕಡೆ ಕೊನೇಲಿ ಗುಂಪು ಸೇರುತ್ತೆ, ಅರ್ಧ ಗಂಟೆ ಮೊದ್ಲೇ ಎದ್ದು ಬನ್ನಿ. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್ ಎರಡು ಇಟ್ಕೊಂಡಿರಿ, ನಾವು ಮರ್ತು ಕಾರ್ ಸೀಟೆಲ್ಲಾ ನೆನೆಸ್ಕೊಂಡ್ವಿ. ಕೆಂಗೇರಿ ಹತ್ರ ಬರೋವಾಗ ಅಕ್ಕನ ಫೋನು, "ಎಲ್ಲಿದೀಯೇ, ಭಾನುವಾರ ಮಕ್ಕಳು ವಂಡರ್‌ಲಾ ಅಂತಿದಾರೆ, ಬರ್ತೀಯಾ?" ಬರ್ತೀನಿ, ಆದ್ರೆ ಲಾಕರ್ ದುಡ್ಡು ನಿಂದು ಅಂದೆ.