ಪೊದೆಯೊಳಗಿನ ಮೇಕೆಮರಿ

ನೈರೋಬಿಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಒಂದು ಬೆಳಿಗ್ಗೆ ಕರೂರಾ ಕಾಡಿಗೆ ಕರ್ಕೊಂಡು ಹೋದರು. ನಗರದೊಳಗೇ ಸುಮಾರು ಸಾವಿರ ಹೆಕ್ಟೇರ್ ಕಾಡು. ಇದು ಬಿಲ್ಡರುಗಳ ಪಾಲಾಗಬಾರದು ಅಂತ 1999ರಲ್ಲಿ ಕೀನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ತಲೆಗೆ ಪೆಟ್ಟು ತಿಂದಿದ್ದು ಇಲ್ಲೇ.

ಅರ್ಧ ಗಂಟೆ ನಡೆದಿರಬೇಕು. ಪೊದೆಯಿಂದ 'ಮ್ಯೇಂ' ಅಂತ ಮೇಕೆಮರಿಯ ಕೂಗು. ತಾಯಿಯನ್ನು ಕಳ್ಕೊಂಡ ಮರಿಯ ದನಿ. ಬಗ್ಗಿ ಹುಡುಕಿದೆ. ಅಲ್ಲೇ ಇದ್ದ ಕಾವಲುಗಾರ ನಕ್ಕು "ಎಂಡೇಗೆ" ಅಂದ. ಸ್ವಾಹಿಲಿಯಲ್ಲಿ ವಿಮಾನಕ್ಕೂ ಹಕ್ಕಿಗೂ ಅದೊಂದೇ ಪದ. ನನಗೆ ಗೊತ್ತಿದ್ದದ್ದು ವಿಮಾನ ಮಾತ್ರ. ತಲೆಯೆತ್ತಿ ಆಕಾಶ ನೋಡಿದೆ!

ಆಮೇಲೆ ಕಾಣಿಸಿತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ನೆಲಕ್ಕಿಂತ ಒಂದಡಿ ಮೇಲೆ, ಕಡ್ಡಿಗಳ ನಡುವೆ ನುಸುಳುತ್ತಾ ಹುಳ ಹೆಕ್ಕುತ್ತಿತ್ತು. ಬೂದು ಬೆನ್ನು, ಪಾಚಿ ಹಸಿರು ರೆಕ್ಕೆ, ನೆಟ್ಟಗೆ ನಿಗುರಿದ ಮೋಟು ಬಾಲ. ಅಷ್ಟರಲ್ಲಿ ಒಳಗೆ ಹೋಯಿತು. ಅಲ್ಲಿಂದ 'ಟಿಕ್ ಟಿಕ್ ಟಿಕ್', ಎರಡು ಬೆಣಚುಕಲ್ಲು ಕುಟ್ಟಿದ ಹಾಗೆ.

ಭಾವನ ಹಕ್ಕಿ ಪುಸ್ತಕ ತೆಗೆದರೆ ಸಿಸ್ಟಿಕೋಲಾ ಅನ್ನೋ ಪುಟ್ಟ ಹಕ್ಕಿಗಳೇ ಪುಟಗಟ್ಟಲೆ. ಎಲ್ಲವೂ ಕಂದು, ಹೆಚ್ಚಿನವಕ್ಕೆ ಗೀರು, ಒಂದು ನೋಡಿದರೆ ಇನ್ನೊಂದು ಮರೆತುಹೋಗುತ್ತೆ. ನಮ್ಮದರ ಬೆನ್ನಲ್ಲಿ ಗೀರೇ ಇರಲಿಲ್ಲ. ಎಪಾಲಿಸ್ ಅನ್ನೋ ಹಕ್ಕಿ ಇರಬಹುದಾ ಅಂದುಕೊಂಡೆ, ಅದರ ಬಾಲ ಉದ್ದ. ಎರೆಮೊಮೆಲಾ ಸಾಮಾನ್ಯವಾಗಿ ಮರದ ಮೇಲಿನ ಎಲೆಗಳಲ್ಲಿ ಓಡಾಡುತ್ತೆ, ನಮ್ಮದು ಮೇಲೇರಲೇ ಇಲ್ಲ.

"ಒಂದು ಗುಬ್ಬಿಗೆ ಇಷ್ಟೊಂದಾ?" ಅಂದರು ಭಾವ.

ಕೊನೆಗೆ ಬಗೆಹರಿಸಿದ್ದು ಬಣ್ಣ ಅಲ್ಲ, ಆ ಮೇಕೆ ದನಿ. ಬೂದುಬೆನ್ನಿನ ಕಮರಾಪ್ಟೆರಾ. ಇಂಗ್ಲಿಷಿನಲ್ಲಿ ಹಿಂದೆ ಇದನ್ನು 'ಬ್ಲೀಟಿಂಗ್ ವಾರ್ಬ್ಲರ್', ಅಂದರೆ ಮೇಕೆಯಂತೆ ಅರಚುವ ಹಕ್ಕಿ, ಅಂತಲೇ ಕರೆಯುತ್ತಿದ್ದರಂತೆ. ಓದುತ್ತಾ ಹೋದರೆ ಇನ್ನೊಂದು ವಿಷಯ. ಇದು ಎಲೆಗಳ ಅಂಚಿಗೆ ತೂತು ಮಾಡಿ, ಜೇಡರ ಬಲೆಯ ಎಳೆಯಿಂದ ಹೊಲಿದು ಗೂಡು ಕಟ್ಟುತ್ತೆ. ಅಂದರೆ ನಮ್ಮ ಸಿಂಪಿಗ ಹಕ್ಕಿಯ ಕಸುಬು! ನೋಡಿದರೆ ಎರಡೂ ಒಂದೇ ಕುಟುಂಬದವು. ಆ ಹಸಿರು ರೆಕ್ಕೆ, ಎತ್ತಿದ ಬಾಲ ಎಲ್ಲೋ ನೋಡಿದ್ದೀನಲ್ಲ ಅಂತ ಅನ್ನಿಸಿದ್ದು ಅದಕ್ಕೇ. ಊರಿನ ಹಿತ್ತಲಿನ ದಾಸವಾಳದ ಗಿಡದಲ್ಲಿ ನೋಡಿದ್ದೆ.

ಮರುದಿನ ಬೆಳಿಗ್ಗೆ ಅಕ್ಕನ ಮನೆಯ ಬೇಲಿಯಲ್ಲೂ 'ಮ್ಯೇಂ' ಅಂತು. ನಾನು ಬೈನಾಕ್ಯುಲರ್ ಹುಡುಕಿದೆ. ಭಾವ ಕಾಫಿ ಲೋಟದಿಂದ ಮುಖ ಎತ್ತಲಿಲ್ಲ.

"ನಿನ್ನ ಮೇಕೆ ಬಂತು ನೋಡೋ."