ವಿಳಂಬಿ, ಶ್ರಾವಣ

"ಬಾವಿ ಕಟ್ಟಿ ಒಂದ್ ಸಿಕ್ಕರ ಸಾಕು ತಮ್ಮಾ, ಮುಂದಿಂದು ಕಾಲಿಗೇ ಗೊತ್ತೈತಿ" ಅಂದರು ದೊಡ್ಡಪ್ಪ. ಮೇ ತಿಂಗಳು, ಬೆಳಗಿನ ಏಳೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ಹಿನ್ನೀರು ಸರಿದು ಬಯಲಾದ ಎರೆನೆಲದಲ್ಲಿ ನಾವಿಬ್ಬರೇ ನಡೆಯುತ್ತಿದ್ದೆವು. ಅಂಗೈ ಅಗಲದ ಬಿರುಕು, ಚಪ್ಪಲಿಯಡಿ ಪಟಪಟ ಒಡೆಯುವ ಕಪ್ಪೆಚಿಪ್ಪು, ಹರಿದ ಮೀನಿನ ಬಲೆಯ ತುಂಡು. ಇದು ನಮ್ಮೂರು. ವರ್ಷದ ಬಹುಪಾಲು ನೀರಿನಡಿಯೇ ಇರುತ್ತದೆ.

ಹಿಂದಿನ ದಿನ ಹುಬ್ಬಳ್ಳಿಯಿಂದ ಹೊರಟು ಬಾಗಲಕೋಟೆ ದಾಟಿ, ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆ ಹಾದು, ರಾತ್ರಿ ಆರ್.ಸಿ.ಯಲ್ಲಿ ಉಳಿದಿದ್ದೆವು. ಮುಳುಗಡೆಯಾದವರ ಪುನರ್ವಸತಿ ಊರುಗಳಿಗೆಲ್ಲ ಈ ಕಡೆ ಅದೇ ಹೆಸರು. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಾಗ ದೊಡ್ಡಪ್ಪ ಹದಿನಾರರ ಹುಡುಗ. ಊರು ಬಿಡುವ ಹೊತ್ತಿಗೆ ಮಕ್ಕಳ ತಂದೆ. ಪರಿಹಾರದ ಕಾಗದದಲ್ಲಿ ಮನೆ, ಹೊಲ, ಬಾವಿ, ಗಿಡಮರ ಎಲ್ಲ ಬರೆದಿತ್ತಂತೆ. ಹಿರಿಯರನ್ನು ಮಣ್ಣು ಮಾಡಿದ ಗದ್ದುಗೆಗಳು ಮಾತ್ರ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಬದುಕಿದ್ದವರು ಟ್ರ್ಯಾಕ್ಟರ್ ಹತ್ತಿದರು, ಮಣ್ಣಾದವರು ಅಲ್ಲೇ ಉಳಿದರು.

ನಾನು ಹುಡುಕಿ ಹೊರಟಿದ್ದು ಒಬ್ಬರನ್ನು: ಈ ಊರಿಗೆ ಮೊದಲು ಬಂದ ನಮ್ಮ ಹಿರಿಯನನ್ನು. ಸುಳಿವು ಕೊಟ್ಟವನು ಹೆಳವ. ಸುಗ್ಗಿ ಮುಗಿದ ಮೇಲೆ ಮನೆ ಬಾಗಿಲಿಗೆ ಬಂದು, ವಂಶದ ಹೆಸರುಗಳನ್ನು ಒಂದೂ ತಪ್ಪದೆ ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವವರು ಹೆಳವರು. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು. ನಮ್ಮ ಹೆಳವನ ಪ್ರಕಾರ ಮನೆತನ ಈ ಊರಿಗೆ ಬಂದದ್ದು ಧಾತು ಈಶ್ವರದ ಬರದಲ್ಲಿ. ಧಾತು ಅಂದರೆ 1876, ಈಶ್ವರ ಅಂದರೆ 1877. ಆಗ ಈ ಸೀಮೆ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆ, ಆ ಬರ ಅತಿ ಕೆಟ್ಟದಾಗಿ ಬಡಿದ ಸೀಮೆಗಳಲ್ಲಿ ಒಂದು. ಅಲ್ಲಿಯವರೆಗೆ ಸರಿ. ತೊಡಕು ಇದ್ದದ್ದು ಹೆಸರಿನಲ್ಲಿ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಆರು ತಲೆಮಾರಿಗೂ ನಮ್ಮಲ್ಲಿ ಇರುವುದು ಎರಡೇ ಹೆಸರು, ಒಂದು ಬಿಟ್ಟು ಒಂದು. ಗದ್ದುಗೆಯ ಕಲ್ಲಲ್ಲಿ ಹೆಸರು ಸಿಕ್ಕರೂ ಅದು ಅಜ್ಜನೋ ಮೊಮ್ಮಗನೋ ಹೇಳುವುದು ಹೇಗೆ?

ಬಾವಿ ಕಟ್ಟೆ ಸಿಕ್ಕಿತು. ಹೂಳು ತುಂಬಿ ನೆಲಕ್ಕೆ ಸಮವಾಗಿತ್ತು, ಕಲ್ಲಿನ ಬಳೆಯಷ್ಟೇ ಕಾಣುತ್ತಿತ್ತು. ದೊಡ್ಡಪ್ಪ ಅದರ ಮೇಲೆ ನಿಂತು, ದೂರದ ಹನುಮಪ್ಪನ ಗುಡಿಯ ಅಡಿಪಾಯದ ಕಡೆ ಬೆನ್ನು ಮಾಡಿ, ಮೂಡಲಕ್ಕೆ ಹೆಜ್ಜೆ ಎಣಿಸತೊಡಗಿದರು. "ಇಲ್ಲಿ ಬನ್ನಿಗಿಡ ಇತ್ತು. ಇಲ್ಲಿ ನಮ್ಮ ಬಣವಿ." ನೂರಾ ಹನ್ನೊಂದಕ್ಕೆ ನಿಂತರು. ಮಣ್ಣಿನಲ್ಲಿ ಅರ್ಧ ಹೂತ ಐದು ಕಲ್ಲು. ಒಂದರ ಮೇಲೆ ಮೂಗು ಸವೆದ ಪುಟ್ಟ ನಂದಿ, ಇನ್ನೊಂದರ ಮೇಲೆ ಜೋಡು ಪಾದ.

ನಮ್ಮಲ್ಲಿ ಮಲಗಿಸಿ ಹೂಳುವುದಿಲ್ಲ. ಕುಣಿಯ ಪಕ್ಕದ ಗೋಡೆಯಲ್ಲಿ ಗೂಡು ಕೊರೆದು, ಪದ್ಮಾಸನದಲ್ಲಿ ಕೂಡಿಸಿ, ಇಷ್ಟಲಿಂಗವನ್ನು ಅಂಗೈಗಿಟ್ಟು, ವಿಭೂತಿ ಪತ್ರಿ ಸುರಿದು ಮಣ್ಣು ಕೊಡುತ್ತಾರೆ. "ಮೂವರಿಗೆ ನಾನಽ ಕುಣಿಯೊಳಗ ಇಳದೀನಿ" ಅಂದರು ದೊಡ್ಡಪ್ಪ, ಮೂರು ಕಲ್ಲುಗಳನ್ನು ಕೋಲಿನಿಂದ ತೋರಿಸುತ್ತ. ತಮ್ಮ ತಂದೆಯ ಕಲ್ಲಿನ ಹತ್ತಿರ ಬಂದಾಗ ಕೋಲು ಕೆಳಗಿಟ್ಟು ಕುಳಿತೇಬಿಟ್ಟರು. ನಾನು ಸ್ವಲ್ಪ ದೂರ ಸರಿದು ನಿಂತೆ.

ಉಳಿದ ಎರಡರಲ್ಲಿ ಅಕ್ಷರವಿದ್ದದ್ದು ಒಂದಕ್ಕೇ. ಬಾಟಲಿಯ ನೀರು ಸುರಿದು ಹೆಬ್ಬೆರಳಿನಿಂದ ಹೂಳು ಕೆತ್ತಿದೆ. ಏನೋ ಗೀಚಿದಂತೆ ಕಂಡಿತೇ ಹೊರತು ಓದಲು ಬರಲಿಲ್ಲ. ದೊಡ್ಡಪ್ಪ ಎದ್ದು ಬಂದು, ಪೂಜೆಗೆ ತಂದ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಪುಡಿಮಾಡಿ ಕಲ್ಲಿಗೆ ಅಡ್ಡಡ್ಡ ಬಳಿದರು, ಪಂಚೆಯ ಚುಂಗಿನಿಂದ ಮೆಲ್ಲಗೆ ಒರೆಸಿದರು. ಮೇಲಿನದು ಹೋಯಿತು, ಗೀರಿನೊಳಗಿನದು ಉಳಿಯಿತು. ಕಪ್ಪು ಕಲ್ಲಿನಲ್ಲಿ ಬೆಳ್ಳಗೆ ಎದ್ದಿತು: ನಮ್ಮ ಎರಡು ಹೆಸರುಗಳಲ್ಲಿ ಒಂದು, ಅದರ ಕೆಳಗೆ "ವಿಳಂಬಿ", ಆಮೇಲೆ "ಶ್ರಾವಣ". ಮುಂದಿನದು ಒಡೆದುಹೋಗಿತ್ತು.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಳಂಬಿ ಅಂದರೆ 1838 ಇರಬೇಕು, 1898 ಇರಬೇಕು, ಇಲ್ಲವೇ 1958. ಅಲ್ಲೇ ನಿಂತು ಲೆಕ್ಕ ಹಾಕಿದೆವು. 1958ರಲ್ಲಿ ದೊಡ್ಡಪ್ಪನಿಗೆ ಹತ್ತು ವರ್ಷ. "ಆ ವರ್ಷ ನಮ್ಮ ಮನ್ಯಾಗ ಯಾರೂ ತೀರಿಲ್ಲ, ನನಗ ನೆನಪೈತಿ." 1838ರಲ್ಲಿ ನಮ್ಮವರು ಇನ್ನೂ ಈ ಊರಿಗೆ ಬಂದೇ ಇಲ್ಲ. ಉಳಿದದ್ದು 1898, ಬರ ಕಳೆದ ಇಪ್ಪತ್ತೊಂದನೆಯ ವರ್ಷ. ಹಾಗಾದರೆ ಇದು ಅಜ್ಜನೇ, ಮೊಮ್ಮಗನಲ್ಲ. ಹಸಿದು ಊರು ಬಿಟ್ಟು, ಕೃಷ್ಣೆಯ ದಂಡೆ ಹಿಡಿದು ಬಂದು, ಇಲ್ಲಿ ಒಂದು ಹೊಲ ಮಾಡಿ, ಆ ಹೊಲದಲ್ಲೇ ಕುಳಿತವನು.

ದೊಡ್ಡಪ್ಪ ಕಲ್ಲಿಗೆ ಪತ್ರಿ ಏರಿಸಿ, ತೆಂಗಿನಕಾಯಿ ಒಡೆದರು. ನಾನು ಫೋಟೊ ತೆಗೆದುಕೊಂಡೆ, ಫೋನಿನಲ್ಲಿ ಜಾಗದ ಗುರುತು ಹಾಕಿಕೊಂಡೆ. ಹಾಕಿಕೊಳ್ಳಲೇಬೇಕು. ಈಗ ಹೆಚ್ಚೆಂದರೆ 519.6 ಮೀಟರ್‌ವರೆಗೆ ನಿಲ್ಲುವ ಆಲಮಟ್ಟಿಯ ನೀರನ್ನು 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಏರಿದ ದಿನ ಇನ್ನಷ್ಟು ಊರುಗಳ ಹಿರಿಯರು ನೀರಿನಡಿ ಹೋಗುತ್ತಾರೆ. ಆ ಊರಿನವರಿಗೆ ನನ್ನದೊಂದು ಕೈಮುಗಿದ ಕೋರಿಕೆ: ಕಲ್ಲುಗಳನ್ನು ಈಗಲೇ ಓದಿ ಬರೆದಿಡಿ. ವಿಭೂತಿ ಸಾಕು, ಒಬ್ಬ ಮುದುಕರು ಜೊತೆಗಿರಲಿ.

ಕೊರ್ತಿ ಸೇತುವೆ ದಾಟಿ ಕೊಲ್ಹಾರದಲ್ಲಿ ಗಡಿಗೆ ಮೊಸರು ತಿಂದೆವು. ಅಲ್ಲಿಂದ ಕೂಡಲಸಂಗಮ. ನಾರಾಯಣಪುರದ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಟ್ಟದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಎತ್ತಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ದೊಡ್ಡಪ್ಪ ಕೆಳಗೆ ಬಹಳ ಹೊತ್ತು ಕೈಮುಗಿದು ನಿಂತರು. ಮೇಲೆ ಬಂದ ಮೇಲೆ ಗೋಡೆಯ ಹೊರಗಿನ ನೀರನ್ನೇ ನೋಡುತ್ತ, "ಇವರನ್ನ ಉಳಿಸ್ಕೊಂಡರಲ್ಲ, ಚಲೋ ಆತು" ಅಂದರು.

ಆ ವರ್ಷ ಸುಗ್ಗಿಯ ನಂತರ ಹೆಳವ ಬಂದ. ಫೋನಿನ ಚಿತ್ರ ತೋರಿಸಿದೆ. ಅವನು ಪುಸ್ತಕ ಬಿಚ್ಚಿ, ಬೆರಳಿಟ್ಟು ಸಾಲು ಹುಡುಕಿ, ಹಿರಿಯನ ಹೆಸರಿನ ಮುಂದೆ ಖಾಲಿ ಇದ್ದ ಜಾಗದಲ್ಲಿ ಬರೆದುಕೊಂಡ: ವಿಳಂಬಿ, ಶ್ರಾವಣ. ದೊಡ್ಡಪ್ಪ ಒಳಗಿನಿಂದ ಒಂದು ಚೀಲ ಬಿಳಿಜೋಳ ತರಿಸಿದರು.