ಫ್ರೀಡ್ರಿಕ್ ಅಳಿಸಿದ ಹಡಗುಗಳು

ದುಃಖದ ಚಿತ್ರ ಬರೆಯಿರಿ ಎಂದರೆ ನನ್ನ ಒಂಬತ್ತನೇ ತರಗತಿಯ ಮಕ್ಕಳು ತಪ್ಪದೇ ಒಂದು ದೊಡ್ಡ ಕಣ್ಣು ಬರೆದು ಅದರಿಂದ ನೀರು ಸುರಿಸುತ್ತಾರೆ. ಪಕ್ಕದಲ್ಲೊಂದು ಒಣಮರ. ಕಾರವಾರದಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಈ ಕಣ್ಣೀರು ನೋಡಿ ನೋಡಿ ನನಗೇ ಅಳು ಬರುವಂತಾಗಿದೆ.

ಅದಕ್ಕೇ ಈ ಜೂನ್‌ನಲ್ಲಿ ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1808-10ರಲ್ಲಿ ಬರೆದ ‘ಕಡಲ ತೀರದ ಸನ್ಯಾಸಿ’ಯನ್ನು ಪ್ರೊಜೆಕ್ಟರ್ ಹಾಕಿ ತೋರಿಸಿದೆ. ಕೆಳಗೆ ಬಿಳಿಚಿದ ಮರಳದಿಣ್ಣೆ, ಅದರಾಚೆ ಕಪ್ಪಿಟ್ಟ ಕಡಲಿನ ಪಟ್ಟಿ, ಉಳಿದದ್ದೆಲ್ಲ ಆಕಾಶ. ಸನ್ಯಾಸಿ ನಮಗೆ ಬೆನ್ನು ಹಾಕಿದ್ದಾನೆ. ಇಡೀ ಚಿತ್ರದಲ್ಲಿ ನೆಟ್ಟಗೆ ನಿಂತಿರುವುದು ಅವನೊಬ್ಬನೇ. ಅವನ ತಲೆ ಕೂಡ ದಿಗಂತದ ಗೆರೆಯನ್ನು ದಾಟುವುದಿಲ್ಲ. ಅಳುತ್ತಿದ್ದಾನೋ ಇಲ್ಲವೋ, ಯಾರಿಗೆ ಗೊತ್ತು?

ನನಗೆ ಇಷ್ಟವಾದ ಸಂಗತಿ ಬೇರೆ. ಫ್ರೀಡ್ರಿಕ್ ಮೊದಲು ಈ ಕಡಲಿನಲ್ಲಿ ಹಡಗುಗಳನ್ನು ಇಟ್ಟಿದ್ದ, ಆಮೇಲೆ ಬಣ್ಣ ಬಳಿದು ಮುಚ್ಚಿದ. ಹಡಗಿದ್ದರೆ ಕಣ್ಣಿಗೊಂದು ನಿಲ್ದಾಣ ಸಿಗುತ್ತಿತ್ತು. ಯಾರೋ ಬರುತ್ತಿದ್ದಾರೆ ಎನ್ನುವ ಆಸೆಯೂ ಹುಟ್ಟುತ್ತಿತ್ತು. ಅದನ್ನು ಕಿತ್ತುಕೊಂಡದ್ದರಿಂದಲೇ ಚಿತ್ರ ಇಷ್ಟು ನಿರ್ದಯವಾಗಿದೆ. ವ್ಯಾನ್ ಗೋ 1890ರಲ್ಲಿ ಬರೆದ ಮುದುಕನ ಹತಾಶೆ ಇನ್ನೊಂದು ಬಗೆಯದು. ಕುರ್ಚಿಯಲ್ಲಿ ಬಾಗಿ ಕುಳಿತು ಎರಡೂ ಮುಷ್ಟಿಗಳನ್ನು ಮುಖಕ್ಕೆ ಒತ್ತಿಕೊಂಡಿದ್ದಾನೆ, ಪಕ್ಕದಲ್ಲೇ ಬೆಂಕಿ ಉರಿಯುತ್ತಿದ್ದರೂ ಅವನಿಗೆ ಅದರ ಪರಿವೆಯಿಲ್ಲ. ಅವನ ಮುಖವೂ ಕಾಣುವುದಿಲ್ಲ, ಗಮನಿಸಿ.

ಹಡಗಿಲ್ಲದ ಕಡಲು ನಮ್ಮ ಮಕ್ಕಳಿಗೆ ಹೊಸತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬೈತಖೋಲ್ ಬಂದರಿನಲ್ಲಿ ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಟ್ಯಾಗೋರ್ ಕಡಲತೀರಕ್ಕೆ ಹೋಗಿ ನಿಂತರೆ ಬರೀ ಬೂದು ನೀರು, ಮಳೆ ಜೋರಾದರೆ ದೇವಗಡದ ದೀಪಸ್ತಂಭವೂ ಮಾಯ. ‘ಹೋಗಿ ನೋಡಿ ಬನ್ನಿ, ಫ್ರೀಡ್ರಿಕ್ ಅಲ್ಲೇ ಇದ್ದಾನೆ’ ಎಂದೆ.

ಮೀನುಗಾರರ ಮನೆಯ ಹುಡುಗಿಯೊಬ್ಬಳು ಒಪ್ಪಲಿಲ್ಲ. ‘ಬೋಟು ಇಲ್ಲದಿದ್ದರೆ ಬೇಸರ ಯಾಕೆ ಸರ್? ಆಗ ಅಪ್ಪ ಮನೆಯಲ್ಲೇ ಇರುತ್ತಾರೆ.’

ಹಾಗಾದರೆ ನೀನು ಒಂಟಿತನಕ್ಕೆ ಏನು ಬರೆಯುತ್ತೀ ಎಂದು ಕೇಳಿದೆ.

‘ಆಗಸ್ಟ್’ ಎಂದಳು.

ನನ್ನ ಪಾಠದ ಅರ್ಧ ಅಲ್ಲಿಗೇ ಬಿದ್ದುಹೋಯಿತು. ಅವಳಿಗೆ ದೊಡ್ಡ ಹಾಳೆಯನ್ನೇ ಕೊಟ್ಟಿದ್ದೇನೆ. ಈ ಮಳೆಯಲ್ಲಿ ಜಲವರ್ಣ ಒಣಗುವುದೇ ಕಷ್ಟ, ಹಾಳೆಗೆ ಬೂಸಲು ಬೇರೆ. ಒಣಗಿದರೆ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ, ಅವಳು ಬೇಡ ಎನ್ನದಿದ್ದರೆ.